ಎರಡನೆಯ ಬಡಿತ

ನಮ್ಮೂರಿನಲ್ಲಿ ರಸ್ತೆಯವರು ಹಳಿಯ ಜಲ್ಲಿಯ ಮೇಲೆ ಕಾಲೂರಿದರೆ ಆ ಕಾಲು ಏಳುವುದಿಲ್ಲ. ಹಳಿಯವರು ಡಾಂಬರಿನ ಮೇಲೆ ಕಾಲೂರಿದರೂ ಅಷ್ಟೇ. ನೋವಿಲ್ಲ, ಉರಿಯಿಲ್ಲ, ಸುಮ್ಮನೆ ಏಳುವುದಿಲ್ಲ. ನಾಲ್ಕು ಜನ ರಟ್ಟೆ ಹಿಡಿದು ಎತ್ತಿ ದಾಟಿಸಬೇಕು. ಹೊರಗಿನಿಂದ ಬಂದವರಿಗೂ ಇದೇ ನೇಮ: ಯಾವ ಕಡೆಯಿಂದ ಊರಿಗೆ ಬಂದರೋ ಆ ಕಡೆಯವರು. ಒಮ್ಮೆ ಜೀಪಿನಲ್ಲಿ ಬಂದ ದೊಡ್ಡ ಅಧಿಕಾರಿಯೊಬ್ಬರು ನಗುನಗುತ್ತ ಜಲ್ಲಿಗೆ ಇಳಿದರು. ಅವರನ್ನೇನೋ ಎತ್ತಿಕೊಂಡೆವು, ಬೂಟು ಮಾತ್ರ ಬರಲಿಲ್ಲ. ಅದು ಇಂದಿಗೂ ಮೂರನೆಯ ಸಿಗ್ನಲ್ ಕಂಬದ ಬುಡದಲ್ಲಿದೆ. ಅದರೊಳಗೆ ಒಂದು ಓತಿಕ್ಯಾತ ಸಂಸಾರ ಹೂಡಿಕೊಂಡಿದೆ.

ಊರಿನ ಉದ್ದಕ್ಕೂ ಎರಡು ಕಡೆಗಳ ನಡುವೆ ಆಳೆತ್ತರದ ಕಲ್ಲುಗೋಡೆ ಇದೆ. ಯಾರ ಮೇಲಿನ ಹಗೆಗೂ ಕಟ್ಟಿದ್ದಲ್ಲ. ಆಡುವ ಮಕ್ಕಳು ಚೆಂಡಿನ ಹಿಂದೆ ಓಡಿ ಆಚೆ ಸಿಕ್ಕಿಕೊಳ್ಳದಿರಲಿ ಎಂದು ಹಿರಿಯರು ಕಟ್ಟಿಸಿದ್ದು. ನಾಯಿ, ಕೋಳಿ, ಬೆಕ್ಕಿಗೆ ಯಾವ ಕಟ್ಟೂ ಇಲ್ಲ. ನಮ್ಮ ಮನೆಯ ಬೆಕ್ಕು ಬೆಳಗ್ಗೆ ನಮ್ಮಲ್ಲಿ ಹಾಲು ಕುಡಿದು, ಮಧ್ಯಾಹ್ನ ಹಳಿಯವರಲ್ಲಿ ಮೀನು ತಿಂದು ಬರುತ್ತದೆ. ಮದುವೆಯಾಗಿ ಆಚೆ ಹೋಗುವವರನ್ನು ಮಂಚದ ಮೇಲೆ ಹೊತ್ತು ದಾಟಿಸುತ್ತೇವೆ. ನಲವತ್ತು ದಿನ ಕಾಲು ನೆಲಕ್ಕೆ ಸೋಕಿಸದೆ ಆ ಕಡೆಯ ಅನ್ನ ಉಂಡರೆ ನಲವತ್ತೊಂದನೆಯ ದಿನ ಕಾಲು ಅಲ್ಲಿಯದಾಗುತ್ತದೆ. ಆಮೇಲೆ ತಿರುಗಿ ಈಚೆಯದಾಗುವುದಿಲ್ಲ. ಅದು ಒಂದೇ ಸಲದ ಮಾತು.

ಗೋಡೆಗೆ ತೆರಪು ಇರುವುದು ಯಾರ್ಡಿನಲ್ಲಿ ಮಾತ್ರ. ನಮ್ಮೂರಿಗೆ ರಸ್ತೆ ಮುಗಿಯುತ್ತದೆ, ಮುಂದೆ ಬೆಟ್ಟದಾಚೆಗೆ ಹಳಿಯೊಂದೇ ದಾರಿ. ಹಾಗಾಗಿ ಲಾರಿಗಳು ಎಳೆದು ತರುವ ಟ್ರೇಲರುಗಳನ್ನು ಇಲ್ಲಿ ಸಾಮಾನು ಇಳಿಸದೆ, ಇದ್ದ ಹಾಗೆಯೇ ರೈಲಾಗಿ ಮಾಡುತ್ತೇವೆ. ಯಾರ್ಡಿನ ಹಳಿಗೆ ಒಂದು ಮಗ್ಗುಲಲ್ಲಿ ಡಾಂಬರು, ಇನ್ನೊಂದು ಮಗ್ಗುಲಲ್ಲಿ ಜಲ್ಲಿ. ಲಾರಿ ಟ್ರೇಲರನ್ನು ಹಿಮ್ಮುಖವಾಗಿ ತಂದು ಹಳಿಯ ನೇರಕ್ಕೆ ನಿಲ್ಲಿಸಿ ಹೋಗುತ್ತದೆ. ಡಾಂಬರಿನ ಕಡೆ ನಿಂತವನು ವಾಲ್ವು ತಿರುಗಿಸಿ ಗಾಳಿ ತುಂಬಿ ಅದರ ಹಿಂಭಾಗವನ್ನು ಮೇಲೆತ್ತುತ್ತಾನೆ. ಜಲ್ಲಿಯ ಕಡೆ ನಿಂತವನು ನಾಲ್ಕು ಕಬ್ಬಿಣದ ಗಾಲಿಗಳ ಬೋಗಿಯನ್ನು ಅದರ ಕೆಳಗೆ ತಳ್ಳುತ್ತಾನೆ. ಜನ ಕೂರುವ ಡಬ್ಬಿಯನ್ನು ಊರೂರಲ್ಲಿ ಬೋಗಿ ಎನ್ನುತ್ತಾರೆ. ನಮ್ಮ ಬೋಗಿ ಎಂದರೆ ಬರೀ ಗಾಲಿಯ ಚೌಕಟ್ಟು, ಮೇಲೆ ಏನೂ ಇಲ್ಲ. ಗಾಳಿ ಬಿಟ್ಟರೆ ಟ್ರೇಲರ್ ಬೋಗಿಯ ಮೇಲೆ ಕೂರುತ್ತದೆ, ಎರಡನ್ನೂ ಹಿಡಿದಿಡುವ ಗೂಟ ತೂತಿಗೆ ಬೀಳುತ್ತದೆ, ರಬ್ಬರ್ ಗಾಲಿಗಳು ಮಡಚಿಕೊಂಡು ಮೇಲೇರುತ್ತವೆ. ದಿನಕ್ಕೆ ಹತ್ತು ಟ್ರೇಲರ್, ಬೆಳಗ್ಗೆ ಹನ್ನೊಂದು ಗಂಟೆಗೆ ಒಂದು ಗಾಡಿ.

ಈ ಕೆಲಸಕ್ಕೆ ಒಂದು ಟ್ರೇಲರಿಗೆ ಹದಿನೆಂಟು ನಿಮಿಷ ಹಿಡಿಯುತ್ತದೆ. ಆ ಹದಿನೆಂಟು ನಿಮಿಷವನ್ನೇ ನಂಬಿ ಊರಿನ ಅರ್ಧ ಜನ ಬದುಕಿದ್ದಾರೆ. ಏಕೆಂದರೆ ಒಂಬತ್ತನೆಯದನ್ನು ಜೋಡಿಸುವಾಗ ಹತ್ತನೆಯದು ಹಿಂದೆ ಸುಮ್ಮನೆ ನಿಂತಿರುತ್ತದೆ. ಅದಕ್ಕೆ ಎರಡೂ ಮಗ್ಗುಲಲ್ಲಿ ಬಾಗಿಲು. ರಸ್ತೆಯ ಕಡೆಯವರು ಈಚೆ ಬಾಗಿಲಿನಿಂದ ಹತ್ತಿ, ಆಚೆ ಬಾಗಿಲಿನ ಹೊಸ್ತಿಲಲ್ಲಿ ಕಾಲು ಮಡಚಿ ಕೂತರೆ ಜಲ್ಲಿಯ ಮೇಲೆ ನಿಂತ ತಮ್ಮವರ ಮುಖ ಕೈಯಳತೆಯಲ್ಲಿ ಸಿಗುತ್ತದೆ. ಮಗಳನ್ನು ಕೊಟ್ಟ ತಾಯಂದಿರು, ಅಕ್ಕನನ್ನು ಕಳಿಸಿದ ತಮ್ಮಂದಿರು ತಿಂಗಳಿಗೊಮ್ಮೆ ಚೀಟಿ ಬರೆಸಿ ಬರುತ್ತಾರೆ. ಒಂಬತ್ತನೆಯದು ಮುಗಿದು ಸುತ್ತಿಗೆಯ ಮೂರು ಬಡಿತ ಕೇಳಿದ ಕೂಡಲೇ ಇಳಿಯಬೇಕು.

ನನ್ನ ಹೆಸರು ಚಂದ್ರಾಮ. ಡಾಂಬರಿನ ಕಡೆಯ ಜೋಡಿಸುವವನು. ನನ್ನ ಕೈಯಲ್ಲಿ ಕೆಲಸ ಹದಿನೆಂಟು ನಿಮಿಷಕ್ಕೆ ಎಂದೂ ಹೋಗಲಿಲ್ಲ, ಹದಿನಾರೂವರೆಗೆ ಮುಗಿಯುತ್ತಿತ್ತು. ಈ ಬಗ್ಗೆ ನನಗೆ ಬಹಳ ಸೊಕ್ಕಿತ್ತು, ಈಗ ಮುಚ್ಚಿಟ್ಟು ಏನು ಪ್ರಯೋಜನ. ನಮ್ಮ ಓಣಿಯ ಸಿದ್ದವ್ವ ಎಂಬ ಮುದುಕಿ ಮಗಳನ್ನು ನೋಡಲು ಬಂದಾಗಲೆಲ್ಲ ನನ್ನ ಗಲ್ಲ ಹಿಡಿದು, "ಎರಡು ನಿಮಿಷ ಸಾವಕಾಶ ಮಾಡಪಾ ಚಂದ್ರಾಮ, ಮಗಳ ಕೂಡ ಮಾತು ಮುಗಿಯೂದಿಲ್ಲ" ಎನ್ನುತ್ತಿದ್ದಳು. ನಾನು ನಗುತ್ತ, "ಹದಿನಾರು ನಿಮಿಷ ಮಜ್ಜಿಗಿ ಹೆಂಗ ಕಡಿಯೂದು ಅಂತ ಮಾತಾಡ್ತಿ. ಮದಲ ಬೇಕಾದ್ದು ಮಾತಾಡಬೇ" ಎಂದುಬಿಡುತ್ತಿದ್ದೆ. ಒಂದು ಸಲವೂ ಸಾವಕಾಶ ಮಾಡಲಿಲ್ಲ. ಸಿದ್ದವ್ವ ತೀರಿಹೋಗಿ ಆರು ವರ್ಷವಾಯಿತು.

ಜಲ್ಲಿಯ ಕಡೆಯ ಜೋಡಿಸುವವನು ದಾವಲಸಾಬ. ನನಗಿಂತ ನಾಲ್ಕು ವರ್ಷ ಹಿರಿಯ, ದಾವಲಣ್ಣ ಎನ್ನುತ್ತಿದ್ದೆ. ಇಪ್ಪತ್ಮೂರು ವರ್ಷ ಇಬ್ಬರೂ ಒಂದೇ ಟ್ರೇಲರಿನ ಎರಡು ಮಗ್ಗುಲಲ್ಲಿ ನಿಂತು ದುಡಿದಿದ್ದೇವೆ. ನಡುವೆ ಗೋಡೆಯ ಹಾಗೆ ಟ್ರೇಲರ್. ಬಗ್ಗಿದರೆ ಚೌಕಟ್ಟಿನ ಅಡಿಯಲ್ಲಿ ಅವನ ಕೈಯಷ್ಟೇ ಕಾಣುತ್ತಿತ್ತು. ಅವನ ಮುಖಕ್ಕಿಂತ ಅವನ ಕೈ ನನಗೆ ಹೆಚ್ಚು ಗುರುತು. ಹಬ್ಬ ಬಂದರೆ ಅವನ ಹೆಂಡತಿ ಮಾಡಿದ ಶಾವಿಗೆಯ ಸುರಕುಂಬಾ ಆ ಅಡಿಯಿಂದಲೇ ಡಬ್ಬಿಯಲ್ಲಿ ಬರುತ್ತಿತ್ತು, ನನ್ನ ಹೆಂಡತಿ ಕಸ್ತೂರಿ ಮಾಡಿದ ಹೋಳಿಗೆ ಅಲ್ಲಿಂದಲೇ ಹೋಗುತ್ತಿತ್ತು. ನಮ್ಮ ಮಾಳಿಗೆಯ ಮೇಲೆ ನಿಂತರೆ ಅವನ ಮನೆಯ ಹಸಿರು ಕಿಟಕಿ ಕಾಣುತ್ತದೆ. ಮುನ್ನೂರು ಹೆಜ್ಜೆ ಇರಬಹುದು. ಆ ಮನೆಯ ಒಳಗೆ ಏನಿದೆ ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಮುಖ ಕಾಣದ ಕೆಲಸವಾದ್ದರಿಂದ ನಮ್ಮ ಮಾತೆಲ್ಲ ಸುತ್ತಿಗೆಯಲ್ಲಿ. ಅವನು ಬೋಗಿಯನ್ನು ಒಳಗೆ ತಳ್ಳಿ ಚೌಕಟ್ಟಿಗೆ ಒಂದು ಸಲ ಬಡಿಯುತ್ತಾನೆ. ಬೋಗಿ ಬಂತು, ಗೂಟದ ತೂತು ನೇರವಾಗಿದೆಯೇ ಎಂದು ಕೈ ಹಾಕಿ ನೋಡುತ್ತಿದ್ದೇನೆ ಎಂದು ಅದರ ಅರ್ಥ. ಕಣ್ಣಿಗೆ ಕಾಣುವ ಜಾಗವಲ್ಲ ಅದು, ಬೆರಳಿಗೇ ತಿಳಿಯಬೇಕು. ನೋಡಿ ಆದ ಮೇಲೆ ಎರಡನೆಯ ಬಡಿತ: ಕೈ ತೆಗೆದೆ, ಗಾಳಿ ಬಿಡು. ಒಂದಕ್ಕೂ ಎರಡಕ್ಕೂ ನಡುವೆ ಅವನ ಕೈ ಒಳಗೆ ಇರುತ್ತದೆ, ಅದರ ಮೇಲೆ ಅಷ್ಟೂ ಭಾರ ನನ್ನ ವಾಲ್ವಿನ ಗಾಳಿಯ ಮೇಲೆ ನಿಂತಿರುತ್ತದೆ. ಎಲ್ಲ ಮುಗಿದ ಮೇಲೆ ಮೂರು ಬಡಿತ. ಇಷ್ಟೇ ನಮ್ಮ ಭಾಷೆ.

ಏಳೆಂಟು ವರ್ಷ ಹೀಗೆ ಕೆಲಸ ಮಾಡಿದ ಮೇಲೆ ನನಗೆ ಒಂದು ಚಟ ಹತ್ತಿತು. ಮೊದಲ ಬಡಿತದ ಹಿಂದೆಯೇ, ಒಂದು ಉಸಿರಿನಷ್ಟರಲ್ಲಿ, ಎರಡನೆಯದು ಬಂದೇ ಬರುತ್ತಿತ್ತು. ದಾವಲಣ್ಣನ ಬೆರಳು ಅಷ್ಟು ಚುರುಕು. ಬಂದೇ ಬರುವುದಕ್ಕೆ ಕಾಯುವುದೇಕೆ ಎಂದು ನಾನು ಮೊದಲ ಬಡಿತಕ್ಕೇ ವಾಲ್ವು ತಿರುಗಿಸಲು ಶುರುಮಾಡಿದೆ. ಗಾಳಿ ಹೊರಡುವ ಹೊತ್ತಿಗೆ ಎರಡನೆಯದು ಕೇಳಿಸುತ್ತಿತ್ತು. ಹತ್ತು ಟ್ರೇಲರಿಗೆ ಹತ್ತು ಉಸಿರು ಉಳಿಯಿತು. ಹದಿನಾರೂವರೆ ನಿಮಿಷದ ಗುಟ್ಟುಗಳಲ್ಲಿ ಇದೂ ಒಂದು. ಯಾರಿಗೂ ಹೇಳಿರಲಿಲ್ಲ. ಆದರೆ ಟ್ರೇಲರ್ ಒಂದು ಉಸಿರು ಮುಂಚೆ ಇಳಿಯುತ್ತಿದೆ ಎಂದು ಕೆಳಗೆ ಕೈ ಇಟ್ಟವನಿಗೆ ತಿಳಿಯದೆ ಇರುತ್ತದೆಯೇ? ಅವನು ಏನೂ ಅನ್ನಲಿಲ್ಲ. ಕೈಯನ್ನು ಇನ್ನಷ್ಟು ಬೇಗ ತೆಗೆಯುತ್ತಿದ್ದ, ಅಷ್ಟೇ.

ಒಂದು ದಿನ ಮೊದಲ ಬಡಿತ ಬಂತು, ನಾನು ವಾಲ್ವು ತಿರುಗಿಸಿದೆ, ಎರಡನೆಯದು ಬರಲಿಲ್ಲ.

ತೂತಿನಲ್ಲಿ ಒಂದು ಕಲ್ಲು ಸಿಕ್ಕಿತ್ತಂತೆ. ಅದನ್ನು ತೆಗೆಯುತ್ತಿದ್ದ. ಬಲಗೈಯ ನಡುಬೆರಳು, ಉಂಗುರ ಬೆರಳು ಎರಡೂ ಹೋದವು. ಅವನು ಕೂಗಿದ ಕೂಗು ಇಡೀ ಯಾರ್ಡಿಗೆ ಕೇಳಿಸಿತು. ನಾನು ಡಾಂಬರಿನ ಅಂಚಿನವರೆಗೆ ಓಡಿ ಅಲ್ಲೇ ನಿಂತುಬಿಟ್ಟೆ. ಆಚೆ ಕಾಲಿಟ್ಟರೆ ನನ್ನನ್ನು ಎತ್ತಲೂ ಜನ ಬೇಕಾಗುತ್ತಿತ್ತು. ಅಲ್ಲಿದ್ದ ಜನ ಅವನನ್ನು ಎತ್ತಿಕೊಳ್ಳಲು ಸಾಲುವಷ್ಟೇ ಇದ್ದರು.

ವಿಚಾರಣೆಯಲ್ಲಿ ಯಾರ್ಡ್ ಮಾಸ್ತರರು ನನ್ನನ್ನು ಕೇಳುವ ಮೊದಲು ಅವನನ್ನು ಕೇಳಿದರು. ಕೈಗೆ ಬಟ್ಟೆ ಸುತ್ತಿಕೊಂಡು ಆಚೆ ಅಂಚಿನಲ್ಲಿ ನಿಂತಿದ್ದ ಅವನು ಗಟ್ಟಿಯಾಗಿ ಹೇಳಿದ: "ನಾನ ಎರಡು ಬಡದೆ, ಸಾಹೇಬ್ರ. ಕೈ ತಗದೇನಿ ಅನ್ಕೊಂಡೆ, ತಗದಿರಲಿಲ್ಲ." ಮಾಸ್ತರರು ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿದೆ. ಇಡೀ ಜನ್ಮದಲ್ಲಿ ನಾನು ಆಡಿದ ಅತಿ ದೊಡ್ಡ ಸುಳ್ಳಿಗೆ ನನ್ನ ಬಾಯಿ ತೆರೆಯುವ ಕಷ್ಟವೂ ಬೀಳಲಿಲ್ಲ.

ಯಾರ್ಡಿನ ಬಾಗಿಲಲ್ಲಿ ಒಂದು ಹಲಗೆ ಇದೆ. "ಸ್ವಂತ ಅಜಾಗರೂಕತೆಯಿಂದ ಗಾಯಗೊಂಡವರು" ಎಂದು ಮೇಲೆ ಬರೆದು ಕೆಳಗೆ ಹೆಸರು ಬರೆಸುತ್ತಾರೆ, ಉಳಿದವರು ಎಚ್ಚರವಾಗಿರಲಿ ಎಂದು. ಅದರ ಜೋಡಿ ಹಲಗೆ ಜಲ್ಲಿಯ ಕಡೆಯ ಬಾಗಿಲಿಗೂ ಇದೆ. ಎರಡರ ಮೇಲೂ ದಾವಲಸಾಬನ ಹೆಸರು ಏರಿತು. ಯಾರ್ಡಿನಲ್ಲಿ ಅವನಷ್ಟು ಜಾಗರೂಕ ಮನುಷ್ಯ ಇನ್ನೊಬ್ಬನಿರಲಿಲ್ಲ. ಅವನ ಮಗಳನ್ನು ನೋಡಲು ಬಂದವರು ಅದನ್ನು ಓದಿ, "ಹುಡುಗಿಯ ತಂದಿ ಎಚ್ಚರಗೇಡಿ ಏನು?" ಎಂದು ಕೇಳಿದರಂತೆ. ಹದಿನಾಲ್ಕು ವರ್ಷ ನಾನು ದಿನಾ ಆ ಹಲಗೆಯ ಕೆಳಗೇ ಹಾದು ಕೆಲಸಕ್ಕೆ ಹೋಗಿದ್ದೇನೆ.

ಮೂರು ತಿಂಗಳಿಗೆ ದಾವಲಣ್ಣ ಕೆಲಸಕ್ಕೆ ಮರಳಿದ. ಮೊದಲ ಟ್ರೇಲರಿಗೆ ನಾನು ವಾಲ್ವಿನ ಮೇಲೆ ಕೈಯಿಟ್ಟು, ಎಷ್ಟು ಹೊತ್ತಾದರೂ ಎರಡನೆಯ ಬಡಿತ ಕೇಳದೆ ಅಲುಗುವುದಿಲ್ಲ ಎಂದು ಹಲ್ಲು ಕಚ್ಚಿ ನಿಂತಿದ್ದೆ. ಆಗ ಟಕಟಕ ಎಂದು ಎರಡೂ ಬಡಿತ ಒಟ್ಟಿಗೇ ಬಂದವು, ನಡುವೆ ಒಂದು ಕೂದಲು ತೂರುವಷ್ಟೂ ಜಾಗವಿಲ್ಲದೆ. ಮುಂದಿನದಕ್ಕೂ ಹಾಗೇ. ಅಂದಿನಿಂದ ಅವನು ಸದ್ದಿಲ್ಲದೆ ಮೊದಲೇ ಕೈ ಹಾಕಿ ನೋಡಿ, ಕೈ ತೆಗೆದು, ಆಮೇಲಷ್ಟೇ ಎರಡನ್ನೂ ಕೂಡಿಸಿ ಬಡಿಯುತ್ತಿದ್ದ. ನಾನು ತಪ್ಪು ಮಾಡಲು ಎಡೆಯೇ ಇರಲಿಲ್ಲ. ಬೇರೆಯವರು ಇದನ್ನು ಗಮನಿಸಲೂ ಇಲ್ಲ. ನನಗೆ ಮಾತ್ರ ದಿನಕ್ಕೆ ಹತ್ತು ಸಲ ಅದು ಕೇಳಿಸುತ್ತಿತ್ತು. ಅವನು ಕೆಲಸ ಕೊಟ್ಟ, ಡಬ್ಬಿ ಕೊಟ್ಟ, ನಗು ಕೊಟ್ಟ, ನನ್ನ ಮಾನ ಉಳಿಸಿಕೊಟ್ಟ. ಕೈಯನ್ನು ಮಾತ್ರ ಮತ್ತೆ ನನಗೆ ಕೊಡಲಿಲ್ಲ.

ತಪ್ಪಾಯಿತು ಎನ್ನಲು ಹೊತ್ತೇ ಸಿಗಲಿಲ್ಲ ಎಂದರೆ ಸುಳ್ಳು. ಗಾಡಿ ಹೋದ ಮೇಲೆ ದಿನಾ ಎದುರುಬದುರು ನಿಂತು ಕೈ ಎತ್ತುತ್ತಿದ್ದೆವು, ಎರಡು ಮಾತೂ ಆಡುತ್ತಿದ್ದೆವು. ಎರಡು ಮಾತಿನಲ್ಲಿ ಅದನ್ನು ಹೇಳಬಹುದಿತ್ತು. ಧೈರ್ಯ ಸಾಲಲಿಲ್ಲ. ಒಮ್ಮೆ ಹೇಳಿದರೆ ಹಲಗೆಯ ಮಾತೂ ಬರುತ್ತದೆ, ಹದಿನಾರೂವರೆಯ ಮಾತೂ ಬರುತ್ತದೆ ಎಂದು ನಾಲಿಗೆ ಹಿಂಜರಿಯಿತು. ನಾಳೆ ನಾಳೆ ಎಂದು ಹದಿನಾಲ್ಕು ವರ್ಷ ಕಳೆದವು.

ಹೋದ ಮಾಘದಲ್ಲಿ ದಾವಲಣ್ಣನಿಗೆ ಅರವತ್ತು ತುಂಬಿತು. ಹೆಂಡತಿ ತೀರಿಕೊಂಡಿದ್ದಳು. ಬೆಟ್ಟದಾಚೆ, ಎರಡು ದಿನದ ಹಾದಿಯಲ್ಲಿ, ಹಳಿ ಮುಗಿಯುವ ಊರಿನಲ್ಲಿ ಮಗಳಿದ್ದಾಳೆ. ಕೆಲಸ ಬಿಟ್ಟು ಅಲ್ಲಿಗೆ ಹೋಗುತ್ತಾನೆ ಎಂದು ಸುದ್ದಿ ಬಂತು. ಅಲ್ಲಿಗೆ ರಸ್ತೆಯಿಲ್ಲ, ಅದು ನನ್ನ ಕಾಲು ಮುಟ್ಟಲಾಗದ ಊರು. ಗುರುವಾರ ಹನ್ನೊಂದರ ಗಾಡಿಯ ಗಾರ್ಡಿನ ಡಬ್ಬಿಯಲ್ಲಿ ಹೊರಡುವುದೆಂದು ಗೊತ್ತಾಗಿತ್ತು.

ಬುಧವಾರ ಊಟಕ್ಕೆ ಕೂತಾಗ ಕಸ್ತೂರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನಾಳೆ ರಜಾ ಹಾಕ್ರಿ. ಭೆಟ್ಟಿಗೆ ಚೀಟಿ ಬರಸ್ರಿ" ಎಂದಳು.

"ನಾನಾ? ಟ್ರೇಲರದಾಗ ಕುಂತು ಅಳೂ ಮಂದಿ ಸಾಲಿನ್ಯಾಗ?"

"ಹೂಂ, ಅವರ ಸಾಲಿನ್ಯಾಗನ. ನಿಮ್ಮ ಬಾಯಾಗ ಏನೋ ಐತಿ. ಹದಿನಾಕು ವರ್ಷ ಆತು, ನುಂಗವಲ್ರಿ, ಉಗಳವಲ್ರಿ. ಏನಂತ ನಾ ಕೇಳೂದಿಲ್ಲ. ನಾಳೆ ಅವರ ಮುಂದ ಉಗಳಿ ಬರ್ರಿ." ಮತ್ತೆ ರೊಟ್ಟಿ ಬಡಿಯತೊಡಗಿದಳು. ಅವಳಿಗೆ ಎಷ್ಟು ಗೊತ್ತಿತ್ತೋ ನಾನೂ ಕೇಳಲಿಲ್ಲ.

ಗುರುವಾರ ನನ್ನ ಬದಲು ನೀಲವ್ವ ವಾಲ್ವಿಗೆ ನಿಂತಳು. ನಲವತ್ತರ ಹೆಂಗಸು, ನಾನೇ ತಿದ್ದಿ ತಯಾರು ಮಾಡಿದವಳು. ಜಲ್ಲಿಯ ಕಡೆ ದಾವಲಣ್ಣನ ಜಾಗಕ್ಕೆ ಮೌನೇಶ ಎಂಬುವನು ಬಂದಿದ್ದ. ನಾನು ಒಗೆದ ಅಂಗಿ ಹಾಕಿಕೊಂಡು, ಕಂಕುಳಲ್ಲಿ ಹೋಳಿಗೆಯ ಡಬ್ಬಿ ಇಟ್ಟುಕೊಂಡು, ಹತ್ತನೆಯ ಟ್ರೇಲರನ್ನು ಹತ್ತಿದೆ. ಒಳಗೆಲ್ಲ ಸಿಮೆಂಟಿನ ಚೀಲ. ನಡುವಿನ ಸಂದಿಯಲ್ಲಿ ನಡೆದು ಆಚೆ ಬಾಗಿಲಿಗೆ ಹೋಗಿ ಕಾಲು ಮಡಚಿ ಕೂತೆ. ಕೆಳಗೆ ದಾವಲಣ್ಣ ನಿಂತಿದ್ದ. ಇಷ್ಟು ಹತ್ತಿರದಿಂದ ಅವನ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಎಡ ಹುಬ್ಬಿನ ಮೇಲೆ ಹಳೆಯ ಕಲೆಯೊಂದಿತ್ತು. ಇಪ್ಪತ್ಮೂರು ವರ್ಷದಲ್ಲಿ ಅದು ನನಗೆ ಗೊತ್ತೇ ಇರಲಿಲ್ಲ.

"ಬಂದೀಪಾ ತಮ್ಮಾ" ಎಂದ. "ಬರೂದಿಲ್ಲ ಅನ್ಕೊಂಡಿದ್ದೆ."

"ಬಂದೆ" ಎಂದೆ. ಡಬ್ಬಿ ಕೊಟ್ಟೆ. "ಕಸ್ತೂರಿ ಕೊಟ್ಟಾಳ. ಎರಡು ದಿನ ಇರ್ತಾವ, ಕೆಡೂದಿಲ್ಲ."

"ತುಪ್ಪ ಹಚ್ಚ್ಯಾಳೇನು?"

"ಹಚ್ಚ್ಯಾಳ."

ಮುಂದೆ ಒಂಬತ್ತನೆಯದಕ್ಕೆ ಗಾಳಿ ತುಂಬುವ ಸದ್ದು ಶುರುವಾಯಿತು. ಎಷ್ಟು ಹೊತ್ತು ಉಳಿದಿದೆ ಎಂದು ಆ ಸದ್ದಿನಿಂದಲೇ ಹೇಳಬಲ್ಲವನು ನಾನು. ಬಾಯಿ ತೆರೆದೆ. "ಮಗಳ ಮನ್ಯಾಗ ನೀರಿಂದು ಅನುಕೂಲ ಐತೇನು?" ಎಂದು ಕೇಳಿದೆ. ನಳ ಮನೆಯೊಳಗೇ ಇದೆ ಎಂದ. ಮೊಳಕಾಲು ನೋವು ಹೇಗಿದೆ ಎಂದೆ. ಚಳಿಗೆ ಹಿಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ ಎಂದ. ನಮ್ಮ ಮಾಳಿಗೆ ಸೋರುತ್ತಿದೆ ಎಂದೆ. ಸುಣ್ಣದ ಗಾರೆ ಹಾಕಿಸು, ಸಿಮೆಂಟು ಬೇಡ ಎಂದ. ಗಾಳಿಯ ಸದ್ದು ನಿಂತಿತು. ಬೋಗಿ ಉರುಳುವುದು ಕೇಳಿಸಿತು. ನಾನು ಬೆಕ್ಕಿನ ಮಾತು ತೆಗೆದೆ. ಸಿದ್ದವ್ವ ನೆನಪಾದಳು. ಬೇಕಾದ ಮಾತು ಬಾಯಿಗೆ ಬಾರದೆ ಒದ್ದಾಡುವವರು ಮಜ್ಜಿಗೆಯ ಮಾತಾಡುತ್ತಾರೆ ಎಂದು ಅಲ್ಲಿ ಕೂತ ಮೇಲೆ ತಿಳಿಯಿತು. ಆ ಮುದುಕಿಗೆ ಎರಡು ನಿಮಿಷ ಕೊಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ನನ್ನನ್ನೇ ಕೇಳಿಕೊಂಡೆ.

ನನ್ನ ಅವಸ್ಥೆ ನೋಡಿಯೋ ಏನೋ, ಅವನೇ ಹೇಳಿದ: "ಮುಂಜಾನೆ ನಮ್ಮ ಕಡೆ ಹಲಗಿ ನೋಡಿದೆ. ನನ್ನ ಹೆಸರಿನ ಬಣ್ಣ ಹೋಗಾಕತ್ತೈತಿ." ಸಣ್ಣಗೆ ನಕ್ಕ. ಮೂರು ಬೆರಳಿನ ಕೈಯನ್ನು ಟ್ರೇಲರಿನ ಹೊಸ್ತಿಲ ಮೇಲೆ, ನನ್ನ ಕಾಲಿನ ಹತ್ತಿರ ಇಟ್ಟಿದ್ದ.

ಇದಕ್ಕಿಂತ ಅಗಲವಾಗಿ ಬಾಗಿಲನ್ನು ಯಾರೂ ತೆರೆದುಕೊಡಲಾರರು. "ದಾವಲಣ್ಣಾ, ಅವತ್ತ..." ಎಂದೆ. ಹೊಸ್ತಿಲ ಮೇಲಿದ್ದ ಅವನ ಕೈ ನೋಡಿದೆ. ಅವನು ಕಾದ. ನನ್ನ ಮುಖವನ್ನೇ ನೋಡುತ್ತ ಕಾದ. ಮುಂದಿನಿಂದ ಸುತ್ತಿಗೆ ಮೂರು ಸಲ ಬಡಿಯಿತು. ನೀಲವ್ವ ಹದಿನಾರು ನಿಮಿಷಕ್ಕೇ ಮುಗಿಸಿಬಿಟ್ಟಿದ್ದಳು. ನಾನು ಕಲಿಸಿದ ಹಾಗೆಯೇ ಮಾಡಿದ್ದಳು.

"ಇಳಿಯಪಾ, ಹೊತ್ತಾತು" ಎಂದ ದಾವಲಣ್ಣ. ಒಂದು ಹೆಜ್ಜೆ ಹಿಂದೆ ಸರಿದವನು ಮತ್ತೆ ಹತ್ತಿರ ಬಂದು, "ಹತ್ತನೇದನ್ನ ನಾವಿಬ್ರೂ ಜೋಡಸೂಣು. ಮೌನೇಶಗ ನಾ ಹೇಳ್ತೇನಿ. ನೀ ಹೋಗಿ ನೀಲವ್ವನ ಕಡಿಂದ ವಾಲ್ವು ತಗೊ" ಎಂದ.

ನಾನು ಇಳಿದು ಬಂದೆ. ಒಗೆದ ಅಂಗಿಯಲ್ಲೇ ವಾಲ್ವಿಗೆ ನಿಂತೆ. ನೀಲವ್ವ ಪಕ್ಕಕ್ಕೆ ಸರಿದಳು. ಗಾಳಿ ತುಂಬಿದೆ, ಟ್ರೇಲರಿನ ಹಿಂಭಾಗ ನಿಧಾನವಾಗಿ ಎದ್ದಿತು. ಆಚೆಯಿಂದ ಬೋಗಿ ಉರುಳಿ ಬಂದು ನಿಂತಿತು. ಇನ್ನು ಟಕಟಕ ಎನ್ನುತ್ತದೆ, ಗಾಳಿ ಬಿಡುತ್ತೇನೆ, ಗೂಟ ಬೀಳುತ್ತದೆ, ಅವನು ಹೋಗುತ್ತಾನೆ, ಎಲ್ಲ ಮುಗಿಯುತ್ತದೆ ಎಂದುಕೊಂಡೆ.

ಒಂದು ಬಡಿತ ಬಂತು. ಒಂದೇ.

ಮೊದಲು ನನಗೆ ಅರ್ಥವಾಗಲಿಲ್ಲ. ಎರಡನೆಯದು ಕೇಳಿಸದೆ ಹೋಯಿತೇನೋ ಎಂದು ಕಿವಿಗೊಟ್ಟೆ. ಆಮೇಲೆ ಬಗ್ಗಿ ನೋಡಿದೆ. ಚೌಕಟ್ಟಿನ ಅಡಿಯ ಕತ್ತಲಲ್ಲಿ ಅವನ ಕೈ ಮಣಿಕಟ್ಟಿನವರೆಗೂ ಒಳಗಿತ್ತು. ಮೂರು ಬೆರಳು ತೂತಿನ ಅಂಚನ್ನು ನಿಧಾನವಾಗಿ ಸವರುತ್ತಿದ್ದವು. ಹದಿನಾಲ್ಕು ವರ್ಷದ ಮೇಲೆ ಅವನು ಒಂದೇ ಬಡಿತ ಬಡಿದು, ಕೈಯನ್ನು ನನ್ನ ವಾಲ್ವಿನ ಕೆಳಗೆ ಇಟ್ಟಿದ್ದ. ನಾನು ಬಾಯಿಬಿಡಲಾರೆ ಎಂದು ತಿಳಿದು, ಮಾತಿಲ್ಲದೆ ತಪ್ಪೊಪ್ಪಿಕೊಳ್ಳಲು ನನಗೆ ಜಾಗ ಮಾಡಿಕೊಟ್ಟಿದ್ದ. ನಾನು ಮಾಡಬೇಕಾದದ್ದು ಒಂದೇ, ಅಂದು ಮಾಡದೇ ಇದ್ದದ್ದು: ಕಾಯುವುದು.

ಕಾದೆ. ವಾಲ್ವಿನ ಮೇಲಿನ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೆ. ಹದಿನೆಂಟು ನಿಮಿಷ ಮುಗಿಯಿತು. ಎಂಜಿನ್ನು ಒಂದು ಸಲ ಕೂಗಿತು. ಮೇಲಿನ ಕ್ಯಾಬಿನ್ನಿನ ಕಿಟಕಿಯಿಂದ ಯಾರ್ಡ್ ಮಾಸ್ತರರು, "ಚಂದ್ರಾಮಾ, ಏನಾತೋ ಅಲ್ಲಿ?" ಎಂದು ಕೂಗಿದರು. ಎಂಜಿನ್ನು ಮತ್ತೆ ಕೂಗಿತು.

"ಕಾಕಾ, ವಾಲ್ವು ಕೆಟ್ಟೈತೇನ್ರಿ?" ಎಂದಳು ನೀಲವ್ವ.

"ಇಲ್ಲವ್ವಾ. ಇನ್ನೊಂದು ಬಡೀಬೇಕು."

"ಆ ಕಡೆ ಮರತಾರೇನೋ. ಬಿಟ್ಟಬಿಡ್ರಿ, ಗಾಡಿ ತಡಾ ಆತು."

"ಬಡಿಯೂ ಮಟ ಬಿಡಬಾರದು" ಎಂದೆ. "ಇದನ್ನ ನಿನಗ ನಾ ಸರಿಯಾಗಿ ಕಲಿಸಿಲ್ಲ. ಒಂದು ತಾಸು ಆಗಲಿ, ಎರಡು ತಾಸು ಆಗಲಿ. ಬಡಿಯೂ ಮಟ ಬಿಡಬಾರದು." ನನ್ನ ದನಿ ಒಡೆದದ್ದು ಅವಳಿಗೆ ಕೇಳಿಸಿರಬೇಕು. ಬಂದು ನನ್ನ ಪಕ್ಕ ನಿಂತು ತಾನೂ ಕಿವಿಗೊಟ್ಟಳು.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಅಳುತ್ತಿದ್ದೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಕೊನೆಗೆ ಅಡಿಯ ಕೈ ಹಿಂದೆ ಸರಿಯಿತು. ಕಬ್ಬಿಣದ ಮೇಲೆ ಎರಡನೆಯ ಬಡಿತ ಬಿದ್ದಿತು, ಮೆಲ್ಲಗೆ. ಗಾಳಿ ಬಿಟ್ಟೆ. ಟ್ರೇಲರ್ ಬೋಗಿಯ ಮೇಲೆ ಸದ್ದಿಲ್ಲದೆ ಕೂತಿತು. ಗೂಟ ಬಿತ್ತು. ರಬ್ಬರ್ ಗಾಲಿಗಳನ್ನು ಮಡಚಿ ಎತ್ತಿ, ನಾನು ಮಂಡಿಯೂರಿ ಕೂತು ಚೌಕಟ್ಟಿನ ಅಡಿಯಲ್ಲಿ ಕೈ ಚಾಚಿದೆ. ಹೋಳಿಗೆ, ಸುರಕುಂಬಾ ಹೋಗಿ ಬರುತ್ತಿದ್ದ ಆ ಜಾಗದಲ್ಲಿ ಅವನ ಕೈ ಬಂದು ನನ್ನ ಕೈಯನ್ನು ಹಿಡಿಯಿತು. ಇಲ್ಲದ ಎರಡು ಬೆರಳಿನ ಜಾಗವನ್ನು ನನ್ನ ಅಂಗೈ ಮೊದಲ ಸಲ ಮುಟ್ಟಿತು. ಅವನು ಒಂದು ಸಲ ಗಟ್ಟಿಯಾಗಿ ಒತ್ತಿ ಬಿಟ್ಟ. ಸುತ್ತಿಗೆ ಮೂರು ಸಲ ಬಡಿಯಿತು. ಜಲ್ಲಿಯ ಮೇಲೆ ಅವನ ಹೆಜ್ಜೆ ಗಾರ್ಡಿನ ಡಬ್ಬಿಯ ಕಡೆಗೆ ಹೋಯಿತು.

ಗಾಡಿ ಹೋದ ಮೇಲೆ ಎದುರಿನ ಅಂಚಿನಲ್ಲಿ ಮೌನೇಶ ಒಬ್ಬನೇ ನಿಂತಿದ್ದ. ಅವನಿಗೆ ಕೈ ಎತ್ತಿ, ನಾನು ಕ್ಯಾಬಿನ್ನಿನ ಮೆಟ್ಟಿಲು ಹತ್ತಿದೆ. ಮಾಸ್ತರರು ಪುಸ್ತಕ ತೆರೆದುಕೊಂಡು ಕೂತಿದ್ದರು.

"ಒಂದು ಟ್ರೇಲರಿಗೆ ಮೂವತ್ತೊಂದು ನಿಮಿಷ" ಎಂದರು. "ನಿನ್ನ ಹೆಸರಿಗೆ ಇಂಥಾದ್ದು ಯಾವತ್ತೂ ಬರದಿಲ್ಲ. ಕಾರಣ ಏನಂತ ಬರೀಲಿ?"

"ಅವನ ಕೈ ಒಳಗಿತ್ರೀ" ಎಂದೆ. ಒಮ್ಮೆ ಬಾಯಿ ಬಿಟ್ಟ ಮೇಲೆ ಮುಂದಿನದು ಕಷ್ಟವಾಗಲಿಲ್ಲ. "ಹದಿನಾಕು ವರ್ಷದ ಹಿಂದನೂ ಒಳಗ ಇತ್ರೀ, ಸಾಹೇಬ್ರ. ಅವತ್ತ ಅವ ಎರಡು ಬಡದಿರಲಿಲ್ಲ. ಒಂದ ಬಡದಿದ್ದ. ನಾ ಕಾಯಲಿಲ್ಲ. ಎರಡೂ ಹಲಗಿ ಮ್ಯಾಲಿನ ಅವನ ಹೆಸರು ಅಳಸಸ್ರಿ, ಅಲ್ಲೆ ನಂದು ಬರಸ್ರಿ."

ಮಾಸ್ತರರು ಪೆನ್ನು ಹಿಡಿದ ಕೈಯನ್ನು ಪುಸ್ತಕದ ಮೇಲೆ ಹಾಗೇ ಇಟ್ಟು ನನ್ನನ್ನು ನೋಡಿದರು. ಅವರು ಬರೆಯಲು ತೊಡಗುವವರೆಗೂ ನಾನು ಅಲ್ಲೇ ನಿಂತು ಕಾದೆ.